ಆಯಿಲ್ ಕಡ್ಡಿ ದಿನಕ್ಕೊಂದು ಲೆಕ್ಕ ಹೇಳುತ್ತಿದೆ

ಪ್ರಶ್ನೆ: ನಾನು ಸಕಲೇಶಪುರದಲ್ಲಿ ಬ್ಯಾಂಕ್ ಉದ್ಯೋಗಿ. ಎಂಟು ವರ್ಷ ಹಳೆಯ ಸಣ್ಣ ಪೆಟ್ರೋಲ್ ಕಾರಿದೆ, ನಾನೇ ಓಡಿಸುತ್ತೇನೆ. ಮನೆಯಿಂದ ಬ್ಯಾಂಕಿಗೆ ನಾಲ್ಕು ಕಿ.ಮೀ., ಎರಡು ಮೂರು ತಿಂಗಳಿಗೊಮ್ಮೆ ಬೆಂಗಳೂರಿನ ಮಗನ ಮನೆಗೆ. ಕಳೆದ ಸಲ ಅಲ್ಲಿಂದ ಬರುವಾಗ ಹಾಸನದ ಹತ್ತಿರ ಪೆಟ್ರೋಲ್ ಹಾಕಿಸಲು ನಿಂತೆ. ಬಂಕಿನ ಹುಡುಗ ತಾನಾಗಿಯೇ ಬಾನೆಟ್ ತೆಗೆಸಿ, ಕಡ್ಡಿ ಎಳೆದು ತೋರಿಸಿ, “ಮೇಡಂ, ಆಯಿಲ್ ಮಿನಿಮಮ್‌ಗಿಂತ ಕೆಳಗಿದೆ” ಎಂದ. ಹೆದರಿ ಅರ್ಧ ಲೀಟರ್ ಹಾಕಿಸಿದೆ. ಮಾರನೇ ದಿನ ಬೆಳಿಗ್ಗೆ ಮನೆಯಲ್ಲಿ ನೋಡಿದರೆ ಮ್ಯಾಕ್ಸಿಮಮ್ ಗೆರೆ ದಾಟಿ ಒಂದು ಬೆರಳು ಮೇಲಿತ್ತು. ಎರಡು ದಿನ ಬಿಟ್ಟು ನೋಡಿದರೆ ಎರಡು ಗೆರೆಗಳ ಮಧ್ಯಕ್ಕೆ ಬಂದಿದೆ. ಅದೂ ಕಡ್ಡಿಯ ಒಂದು ಮುಖದಲ್ಲಿ ಒಂದು ಮಟ್ಟ, ಇನ್ನೊಂದು ಮುಖದಲ್ಲಿ ಇನ್ನೊಂದು. ನಮ್ಮ ಅಂಗಳ ಸ್ವಲ್ಪ ಇಳಿಜಾರು. ಕೆಲವು ದಿನ ಕಾರನ್ನು ನೇರ ನುಗ್ಗಿಸಿ ನಿಲ್ಲಿಸುತ್ತೇನೆ, ಕೆಲವು ದಿನ ರಿವರ್ಸ್ ತಂದು ನಿಲ್ಲಿಸುತ್ತೇನೆ. ನೆಲದ ಮೇಲೆ ಎಣ್ಣೆ ತೊಟ್ಟಿಕ್ಕಿಲ್ಲ, ಹೊಗೆ ಇಲ್ಲ, ಕೆಂಪು ದೀಪ ಹತ್ತಿಲ್ಲ. ಊರಿನ ಮೆಕ್ಯಾನಿಕ್ “ಇಂಜಿನ್ ಆಯಿಲ್ ತಿಂತಾ ಇದೆ, ಇಳಿಸಿ ರಿಂಗ್ ಹಾಕಬೇಕು, ನಲವತ್ತು ಸಾವಿರ ಆಗುತ್ತೆ” ಅನ್ನುತ್ತಾನೆ. ಮಗ “ಮಾರಿಬಿಡಮ್ಮ” ಅನ್ನುತ್ತಾನೆ. ಎರಡು ವರ್ಷದ ಹಿಂದೆ ಕಡ್ಡಿಯ ಹಳದಿ ಹಿಡಿ ಮುರಿದು ಬೇರೆ ಕಡ್ಡಿ ಹಾಕಿಸಿದ್ದೆ, ಅದಕ್ಕೂ ಇದಕ್ಕೂ ಸಂಬಂಧ ಇದೆಯೋ ಇಲ್ಲವೋ ತಿಳಿಯದು. ರಾತ್ರಿ ಇದೇ ಯೋಚನೆ. ಯಾರ ಮಾತು ನಂಬಲಿ?

— ಹೆಸರು ಬೇಡ, ಸಕಲೇಶಪುರ

ಉತ್ತರ: ಸದ್ಯಕ್ಕೆ ಯಾರ ಮಾತನ್ನೂ ನಂಬಬೇಡಿ, ಕಡ್ಡಿಯ ಮಾತನ್ನೂ. ಇನ್ನೊಂದು ತೊಟ್ಟು ಎಣ್ಣೆ ಹಾಕಬೇಡಿ, ಇಂಜಿನ್ ಇಳಿಸಲು ಒಪ್ಪಬೇಡಿ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಇಂಜಿನ್ ಕೆಟ್ಟಿದೆ ಎನ್ನುವುದಕ್ಕೆ ಅದರಲ್ಲಿ ಒಂದು ಸಾಕ್ಷಿಯೂ ಸಿಗಲಿಲ್ಲ. ಅಳತೆ ಕೆಟ್ಟಿದೆ ಎನ್ನುವುದಕ್ಕೆ ಮಾತ್ರ ನಾಲ್ಕೈದು ಸಿಕ್ಕವು, ಅಷ್ಟನ್ನೂ ನೀವೇ ಬರೆದಿದ್ದೀರಿ.

ಮೊದಲು ಬಂಕಿನ ವಿಷಯ. ಓಡುತ್ತಿರುವ ಇಂಜಿನ್ನಿನಲ್ಲಿ ಎಣ್ಣೆಯೆಲ್ಲ ಕೆಳಗಿನ ಚೇಂಬರಿನಲ್ಲೇ ಇರುವುದಿಲ್ಲ. ಪಂಪು ಅದನ್ನು ಎಳೆದು, ಫಿಲ್ಟರ್ ದಾಟಿಸಿ, ಕ್ರ್ಯಾಂಕಿನ ಬೇರಿಂಗುಗಳಿಗೂ ಮೇಲೆ ಹೆಡ್ಡಿನಲ್ಲಿರುವ ಕ್ಯಾಮ್‌ಶಾಫ್ಟಿಗೂ ಸತತವಾಗಿ ಕಳಿಸುತ್ತಿರುತ್ತದೆ. ಕೀ ತಿರುಗಿಸಿ ಆಫ್ ಮಾಡಿದ ತಕ್ಷಣ ಆ ಎಣ್ಣೆ ಕೆಳಗೆ ಬಂದುಬಿಡುವುದಿಲ್ಲ, ಗೋಡೆ ಹಿಡಿದು ನಿಧಾನಕ್ಕೆ ಇಳಿಯುತ್ತದೆ. ನಿಮ್ಮಂಥ ಸಣ್ಣ ಕಾರಿಗೆ ಒಟ್ಟು ಹಿಡಿಯುವುದೇ ಮೂರು, ಮೂರೂವರೆ ಲೀಟರ್. ಕಡ್ಡಿಯ ಮೇಲಿನ ಎರಡು ಗೆರೆಗಳ ನಡುವಿನ ಅಂತರ ಬಹುಪಾಲು ಕಾರುಗಳಲ್ಲಿ ಹೆಚ್ಚುಕಡಿಮೆ ಒಂದು ಲೀಟರಿಗೆ ಸಮ. ಹಾಗಾಗಿ ಮೇಲೆ ಮೂರ್ನಾಲ್ಕು ನೂರು ಮಿ.ಲೀ. ಉಳಿದುಕೊಂಡಿದ್ದರೂ ಕಡ್ಡಿಯಲ್ಲಿ ಅದು ದೊಡ್ಡ ಕೊರತೆಯಾಗಿ ಕಾಣುತ್ತದೆ. ಬಂಕಿನಲ್ಲಿ ಯಾರೂ ಹತ್ತು ನಿಮಿಷ ಕಾಯುವುದಿಲ್ಲ, ಹಿಂದೆ ಹಾರ್ನ್ ಹೊಡೆಯುವವರು ಕಾಯಲು ಬಿಡುವುದೂ ಇಲ್ಲ.

ಹುಡುಗ ಸುಳ್ಳು ಹೇಳಿದ ಎಂದು ನಾನು ಹೇಳುತ್ತಿಲ್ಲ. ಕಡ್ಡಿ ಆ ಹೊತ್ತಿಗೆ ನಿಜಕ್ಕೂ ಅಷ್ಟೇ ತೋರಿಸಿರಬಹುದು. ಆದರೆ ಕಡ್ಡಿಯನ್ನು ತುದಿಯವರೆಗೆ ಒತ್ತದೆ ಒಂದಿಷ್ಟು ಹೊರಗೇ ಉಳಿಸಿ ಎಳೆದರೂ ಮಟ್ಟ ಕಡಿಮೆಯೇ ಕಾಣುತ್ತದೆ, ಇದನ್ನು ಗೊತ್ತಿದ್ದೇ ಮಾಡುವವರೂ ಇದ್ದಾರೆ. ಗೊತ್ತಿಲ್ಲದೆ ಮಾಡುವವರು ಹೆಚ್ಚಾಗಿ ಸ್ಕೂಟರಿನ ಅಭ್ಯಾಸದವರು. ಆಕ್ಟಿವಾದಂಥ ಸ್ಕೂಟರಿನಲ್ಲಿ ಕಡ್ಡಿಯನ್ನು ತಿರುಪಿ ಬಿಗಿಮಾಡದೆ, ಬಾಯಿಯ ಮೇಲೆ ಸುಮ್ಮನೆ ಕೂರಿಸಿ ಅಳೆಯಬೇಕು. ಕಾರಿನಲ್ಲಿ ಹಾಗಲ್ಲ, ಹಿಡಿ ಕೊಳವೆಯ ಬಾಯಿಗೆ ಪೂರ್ತಿ ಕೂರುವ ತನಕ ಒತ್ತಬೇಕು. ಇನ್ನು ಮುಂದೆ ಬಂಕಿನಲ್ಲಿ ಯಾರಾದರೂ ಬಾನೆಟ್ ತೆಗೆಯಲು ಹೇಳಿದರೆ “ಬೇಡಪ್ಪ, ಮನೆಯಲ್ಲಿ ನೋಡ್ಕೊಂಡಿದ್ದೀನಿ” ಎಂದರೆ ಸಾಕು.

ಈಗ ನಿಮ್ಮ ಅಂಗಳಕ್ಕೆ ಬರೋಣ. ನನಗೆ ಅತಿ ಹೆಚ್ಚು ಅನುಮಾನ ಇರುವುದು ಅದರ ಮೇಲೆಯೇ. ತಟ್ಟೆಯನ್ನು ಒಂದು ಕಡೆ ಎತ್ತಿದರೆ ಸಾರು ಇನ್ನೊಂದು ಕಡೆಗೆ ಹರಿದು ನಿಲ್ಲುವ ಹಾಗೆ, ಕಾರು ಓರೆಯಾದರೆ ಚೇಂಬರಿನ ಎಣ್ಣೆ ತಗ್ಗಿನ ಕಡೆ ಸೇರುತ್ತದೆ. ಕಡ್ಡಿ ಚೇಂಬರಿನ ನಟ್ಟನಡುವೆ ಇಳಿಯುವುದು ಅಪರೂಪ, ಯಾವುದೋ ಒಂದು ಅಂಚಿಗೆ ಇಳಿಯುತ್ತದೆ. ಅಂಗಳದ ಇಳಿಜಾರು ಐದು ಡಿಗ್ರಿ ಅಂದುಕೊಳ್ಳಿ. ನೋಡಲು ಅದು ಏನೂ ಅಲ್ಲ: ಸಣ್ಣ ಕಾರಿನ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಒಂದು ಗೇಣಿನಷ್ಟು ಏರುಪೇರು. ಮಲೆನಾಡಿನ ಅಂಗಳಗಳಲ್ಲಿ ಅದಕ್ಕೆ ಇಳಿಜಾರು ಎಂದು ಯಾರೂ ಹೇಳುವುದೂ ಇಲ್ಲ. ಕಡ್ಡಿ ಇಳಿಯುವ ಜಾಗ ಚೇಂಬರಿನ ಮಧ್ಯದಿಂದ 15 ಸೆಂ.ಮೀ. ದೂರ ಇದ್ದರೆ, ಅಷ್ಟು ಓರೆಗೆ ಅಲ್ಲಿನ ಮಟ್ಟ 1.3 ಸೆಂ.ಮೀ. ಏರುತ್ತದೆ ಅಥವಾ ಇಳಿಯುತ್ತದೆ. ಕಾರನ್ನು ತಿರುಗಿಸಿ ನಿಲ್ಲಿಸಿದರೆ ಲೆಕ್ಕ ಉಲ್ಟಾ. ಅಂದರೆ ಮೂತಿ ಮೇಲಾಗಿ ನಿಲ್ಲಿಸಿದ ದಿನಕ್ಕೂ ಮೂತಿ ಕೆಳಗಾಗಿ ನಿಲ್ಲಿಸಿದ ದಿನಕ್ಕೂ 2.6 ಸೆಂ.ಮೀ. ವ್ಯತ್ಯಾಸ. ಎರಡು ಗೆರೆಗಳ ನಡುವಿನ ಅಂತರವೇ ಎಷ್ಟೋ ಕಾರುಗಳಲ್ಲಿ ಎರಡು ಸೆಂ.ಮೀ. ಆಸುಪಾಸು ಇರುತ್ತದೆ. ಒಂದು ದಿನ ಬೆರಳಷ್ಟು ಮೇಲೆ, ಎರಡು ದಿನ ಬಿಟ್ಟು ಮಧ್ಯಕ್ಕೆ ಎಂದಿರಲ್ಲ, ಆ ಎರಡು ದಿನ ಕಾರಿನ ಮೂತಿ ಯಾವ ಕಡೆಗಿತ್ತು ಎಂದು ಜ್ಞಾಪಿಸಿಕೊಳ್ಳಿ.

ಮಟ್ಟಸವಾದ ಜಾಗ ಹುಡುಕುವುದು ಸಕಲೇಶಪುರದಲ್ಲಿ ಸುಲಭವಲ್ಲ ಎಂದು ನನಗೂ ಗೊತ್ತು. ಬಂಕಿನ ನೆಲವೂ ಮಳೆ ನೀರು ಹರಿದುಹೋಗಲೆಂದು ಒಂದು ಕಡೆಗೆ ವಾಟ ಕೊಟ್ಟು ಮಾಡಿದ್ದೇ ಆಗಿರುತ್ತದೆ. ಆದ್ದರಿಂದ ಜಾಗ ಮಟ್ಟಸ ಇದೆಯೋ ಇಲ್ಲವೋ ಎಂಬುದನ್ನು ಕಾರಿನಿಂದಲೇ ತಿಳಿದುಕೊಳ್ಳಿ. ಒಂದು ಜಾಗದಲ್ಲಿ ನಿಲ್ಲಿಸಿ ಅಳೆಯಿರಿ. ಕಾರನ್ನು ಪೂರ್ತಿ ತಿರುಗಿಸಿ, ಚಕ್ರಗಳು ಅದೇ ಗುರುತಿನ ಮೇಲೆ ಬರುವ ಹಾಗೆ ನಿಲ್ಲಿಸಿ, ಹತ್ತು ನಿಮಿಷ ಕಾದು ಮತ್ತೆ ಅಳೆಯಿರಿ. ಎರಡೂ ಒಂದೇ ಬಂದರೆ ಜಾಗ ಮಟ್ಟಸ. ಬೇರೆ ಬೇರೆ ಬಂದರೂ ನಷ್ಟವೇನಿಲ್ಲ, ಎರಡರ ಸರಾಸರಿಯೇ ನಿಮಗೆ ಬೇಕಾದ ಮಟ್ಟ, ಅಂದಾಜಿಗೆ ಅಷ್ಟು ಸಾಕು. ಬೆಳಿಗ್ಗೆ ತಣ್ಣಗಿರುವ ಇಂಜಿನ್ ಆದರೆ ಎರಡನೇ ಸಲಕ್ಕೆ ಹತ್ತು ನಿಮಿಷ ಸಾಲದು, ತಿರುಗಿಸಲು ಸ್ಟಾರ್ಟ್ ಮಾಡಲೇಬೇಕಲ್ಲ. ಅರ್ಧ ಗಂಟೆ ಬಿಡಿ. ಒಂದು ಸಲ ಇಂಥ ಜಾಗ ಗೊತ್ತಾಯಿತೆಂದರೆ ಅದನ್ನು ಬಿಡಬೇಡಿ. ಬ್ಯಾಂಕಿನ ಹಿಂದಿನ ಪಾರ್ಕಿಂಗ್ ಆದರೂ ಸರಿ, ಶಾಲೆಯ ಮೈದಾನ ಆದರೂ ಸರಿ.

ಅಳೆಯುವ ಹೊತ್ತನ್ನೂ ಬದಲಾಯಿಸಬೇಡಿ. ಬಿಸಿ ಇಂಜಿನ್ ಆಫ್ ಮಾಡಿ ಇಂತಿಷ್ಟು ನಿಮಿಷ ಕಾದು ನೋಡಿ ಎಂದು ಕಾರಿನ ಜೊತೆ ಬಂದ ಪುಸ್ತಕ ಹೇಳಿದ್ದರೆ ಅದೇ ಅಂತಿಮ. ಆದರೆ ದಿನದಿಂದ ದಿನಕ್ಕೆ ಹೋಲಿಸಿ ನೋಡುವುದಕ್ಕೆ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲಿನ ಹೊತ್ತೇ ಒಳ್ಳೆಯದು, ಅಷ್ಟರಲ್ಲಿ ಇಳಿಯಬೇಕಾದ ಎಣ್ಣೆಯೆಲ್ಲ ಇಳಿದಿರುತ್ತದೆ. ಬಿಸಿಗೆ ಎಣ್ಣೆ ಹಿಗ್ಗುತ್ತದೆ ಎಂಬುದೂ ನೆನಪಿರಲಿ. 25 ಡಿಗ್ರಿಯಿಂದ 95 ಡಿಗ್ರಿಗೆ ಏರಿದರೆ ಸುಮಾರು ನೂರಕ್ಕೆ ಐದು ಪಾಲು ಹಿಗ್ಗುತ್ತದೆ. ಮೂರೂವರೆ ಲೀಟರಿಗೆ ಅದು 170 ಮಿ.ಲೀ. ಹತ್ತಿರ, ಕಡ್ಡಿಯಲ್ಲಿ ಮೂರು ಮಿ.ಮೀ. ಒಂದು ದಿನ ಬಿಸಿಯಲ್ಲಿ ಒಂದು ದಿನ ತಣ್ಣಗೆ ನೋಡಿದರೆ ಏನೂ ಆಗದಿದ್ದರೂ ಏನೋ ಆದಂತೆ ಕಾಣುವುದು ಇದರಿಂದ.

ಕಡ್ಡಿಯ ಎರಡು ಮುಖಗಳ ಜಗಳ ಸಣ್ಣದು. ಕಡ್ಡಿ ಬಾಗಿದ ಕೊಳವೆಯೊಳಗೆ ಹೋಗಿ ಬರುತ್ತದೆ. ಕೊಳವೆಯ ಒಳಗೋಡೆಗೆ ಮೆತ್ತಿದ ಎಣ್ಣೆ ಉಜ್ಜುವ ಕಡೆಯ ಮುಖಕ್ಕೆ ಬಳಿದುಕೊಳ್ಳುತ್ತದೆ. ಯಾವಾಗಲೂ ಕಡಿಮೆ ತೋರಿಸುವ ಮುಖವನ್ನು ನಂಬಿ. ಅದರಲ್ಲೂ ಕಡ್ಡಿಯ ಪೂರ್ತಿ ಅಗಲಕ್ಕೆ ಎಣ್ಣೆ ಅಂಟಿರುವ ಕೊನೆಯ ಜಾಗವೇ ಮಟ್ಟ. ಅದರ ಮೇಲೆ ಅಂಚಿನಲ್ಲಿ ಎಳೆ ಎಳೆಯಾಗಿ ಕಾಣುವುದು ಲೆಕ್ಕಕ್ಕಿಲ್ಲ. ಕೆಲವು ಕಾರುಗಳಲ್ಲಿ ಹಿಡಿಯ ಕೆಳಗಿನ ರಬ್ಬರ್ ರಿಂಗ್ ಕೊಳವೆಯ ಬಾಯನ್ನು ಬಿಗಿಯಾಗಿ ಮುಚ್ಚುತ್ತದೆ. ಇಂಜಿನ್ ಆರುವಾಗ ಒಳಗೆ ಸಿಕ್ಕಿಬಿದ್ದ ಗಾಳಿ ಕುಗ್ಗಿ, ಕೊಳವೆಯೊಳಗಿನ ಎಣ್ಣೆಯನ್ನು ಚೇಂಬರಿನ ಮಟ್ಟಕ್ಕಿಂತ ಮೇಲಕ್ಕೆ ಎಳೆದು ನಿಲ್ಲಿಸಿರುತ್ತದೆ. ಅದಕ್ಕೇ ಬೆಳಿಗ್ಗೆ ಮೊದಲು ಎಳೆದದ್ದನ್ನು ಓದಬೇಡಿ. ಎಳೆದು, ನೂಲು ಬಿಡದ ಬಟ್ಟೆಯಲ್ಲಿ ಒರೆಸಿ, ಎರಡು ನಿಮಿಷ ಹೊರಗೇ ಇಟ್ಟುಕೊಳ್ಳಿ. ಆಮೇಲೆ ನಿಧಾನವಾಗಿ ಪೂರ್ತಿ ಇಳಿಸಿ, ನಿಧಾನವಾಗಿ ಎಳೆಯಿರಿ. ಕಡ್ಡಿಯ ತುದಿ ಕೆಳಮುಖವಾಗಿಯೇ ಇರಲಿ. ಓದಲೆಂದು ಮೇಲಕ್ಕೆತ್ತಿ ಹಿಡಿದರೆ ಎಣ್ಣೆ ಹಿಡಿಯ ಕಡೆಗೆ ಹರಿದು ಮಟ್ಟವೇ ಅಳಿಸಿಹೋಗುತ್ತದೆ. ಈಚಿನ ತೆಳು ಎಣ್ಣೆ ಹೊಸದಾಗಿ ಹಾಕಿದಾಗ ನೀರಿನಂತೆ ತಿಳಿಯಾಗಿ ಕಡ್ಡಿಯಲ್ಲಿ ಕಾಣುವುದೇ ಇಲ್ಲ. ಕಡ್ಡಿಯನ್ನು ಬಿಳಿ ಟಿಶ್ಯೂ ಕಾಗದದ ಮೇಲೆ ಮೆಲ್ಲಗೆ ಮಲಗಿಸಿ, ಕಲೆ ಎಲ್ಲಿಯವರೆಗೆ ಬಿತ್ತೋ ಅಲ್ಲಿಗೆ ಮಟ್ಟ. ಗೆರೆಗಳಿರುವ ಭಾಗಕ್ಕೆ ನಯವಾದ ಎಮರಿ ಕಾಗದ ನಾಲ್ಕು ಸಲ ಅಡ್ಡಕ್ಕೆ ಉಜ್ಜಿ ಒರೆಸಿಟ್ಟರೂ ಎಣ್ಣೆ ಚೆನ್ನಾಗಿ ಹಿಡಿದು ಕಾಣುತ್ತದೆ.

ಕೊನೆಯಲ್ಲಿ ಯಾಕೋ ಸಂಕೋಚದಿಂದ ಸೇರಿಸಿದ್ದೀರಲ್ಲ, ಹಳದಿ ಹಿಡಿ ಮುರಿದ ಸಂಗತಿ, ಅದನ್ನು ನೀವು ಮೊದಲ ಸಾಲಿನಲ್ಲೇ ಬರೆಯಬೇಕಿತ್ತು. ಪ್ಲಾಸ್ಟಿಕ್ ಹಿಡಿ ಇಂಜಿನ್ನಿನ ಬಿಸಿಗೆ ಒಣಗಿ ಒಂದು ದಿನ ಕೈಯಲ್ಲೇ ಪುಡಿಯಾಗುತ್ತದೆ. ಗ್ಯಾರೇಜಿನಲ್ಲಿ ಆಗ ಮಾಡುವುದು ಎರಡರಲ್ಲಿ ಒಂದು: ಹಳೆಯ ಕಡ್ಡಿಗೆ ಸಿಕ್ಕ ಹಿಡಿ ಸಿಕ್ಕಿಸುವುದು, ಇಲ್ಲವೇ ಡಬ್ಬದಲ್ಲಿ ಬಿದ್ದಿರುವ ಇನ್ಯಾವುದೋ ಮಾಡೆಲ್ಲಿನ ಕಡ್ಡಿ ಕೊಳವೆಗೆ ಹೋಗುತ್ತದೆಂದು ಹಾಕಿಕೊಡುವುದು. ನಮ್ಮ ಬೆಂಚಿನ ಮೇಲೆ ಇಂಥ ಒಂದು ಕಡ್ಡಿಯನ್ನೂ ಆ ಕಾರಿಗೆ ಸಲ್ಲುವ ಹೊಸ ಕಡ್ಡಿಯನ್ನೂ ಅಕ್ಕಪಕ್ಕ ಮಲಗಿಸಿ ನೋಡಿದ್ದುಂಟು. ದೂರದಿಂದ ಅಣ್ಣತಮ್ಮಂದಿರು. ಹಿಡಿಗಳ ಅಂಚನ್ನು ಒಂದೇ ಸಾಲಿಗೆ ಹೊಂದಿಸಿದ ಮೇಲೆ ನೋಡಿದರೆ, ಒಂದರ ಮ್ಯಾಕ್ಸಿಮಮ್ ಗೆರೆ ಇನ್ನೊಂದರ ಮಿನಿಮಮ್ ಗೆರೆಗೆ ಸಮನಾಗಿ ಕೂತಿತ್ತು. ಆ ಕಾರಿನ ಯಜಮಾನರು ಸರಿಯಾಗಿ ಅಳೆದು ಅಳೆದೇ ತಪ್ಪು ಎಣ್ಣೆ ಹಾಕಿಸುತ್ತಾ ಬಂದಿದ್ದರು. ನಿಮ್ಮ ಕಡ್ಡಿಯೂ ಹೀಗೇ ಎಂದು ಇಲ್ಲಿ ಕೂತು ಹೇಳಲಾರೆ, ಪರೀಕ್ಷಿಸದೆ ಮಾತ್ರ ಬಿಡಬೇಡಿ.

ಪರೀಕ್ಷಿಸಲು ಆಯಿಲ್ ಬದಲಾಯಿಸುವ ದಿನಕ್ಕಿಂತ ಒಳ್ಳೆಯ ದಿನ ಇಲ್ಲ. ಹೇಗೂ ನಿಮ್ಮ ಕಾರಿನಲ್ಲಿ ಈಗ ಎಷ್ಟು ಎಣ್ಣೆ ಇದೆ, ಬಂಕಿನಲ್ಲಿ ಯಾವ ಎಣ್ಣೆ ಬಿತ್ತು ಎರಡೂ ಗೊತ್ತಿಲ್ಲ, ಆದ್ದರಿಂದ ಕಿಲೋಮೀಟರ್ ಲೆಕ್ಕ ನೋಡದೆ ಈ ವಾರವೇ ಬದಲಾಯಿಸಿಬಿಡಿ. ನೀವು ಪಕ್ಕದಲ್ಲಿ ನಿಂತಿರಿ. ಇಂಜಿನ್ ಬೆಚ್ಚಗಿರುವಾಗ, ಕಾರು ಮಟ್ಟಸವಾಗಿರುವಾಗ ಡ್ರೈನ್ ಬೋಲ್ಟ್ ಬಿಚ್ಚಿಸಿ. ಇಳಿದ ಹಳೆಯ ಎಣ್ಣೆಯನ್ನು ಚೆಲ್ಲಲು ಬಿಡದೆ ಒಂದು ಲೀಟರಿನ ಖಾಲಿ ನೀರಿನ ಬಾಟಲಿಗಳಿಗೆ ತುಂಬಿಸಿ ಅಳತೆ ನೋಡಿ. ಕಡ್ಡಿ ಏನೇ ಹೇಳಲಿ, ಒಳಗೆ ಎಷ್ಟಿತ್ತು ಎಂಬುದಕ್ಕೆ ಸಾಕ್ಷಿ ಅದೇ. ಫಿಲ್ಟರ್ ಹೊಸದು ಹಾಕಿಸಿ, ಪುಸ್ತಕದಲ್ಲಿ ಫಿಲ್ಟರ್ ಸೇರಿ ಎಷ್ಟು ಎಂದಿದೆಯೋ ಅಷ್ಟನ್ನೇ, ಅದೇ ಗ್ರೇಡನ್ನೇ ಅಳೆದು ಹಾಕಿಸಿ. “ಒಂದು ಸ್ವಲ್ಪ ಜಾಸ್ತಿ ಇರಲಿ ಮೇಡಂ” ಎಂಬ ಉದಾರತೆಗೆ ಅವತ್ತು ಜಾಗ ಕೊಡಬೇಡಿ. ಎರಡು ನಿಮಿಷ ಇಂಜಿನ್ ಓಡಿಸಿ, ಹೊಸ ಫಿಲ್ಟರ್ ತುಂಬಿಕೊಂಡ ಮೇಲೆ ಆಫ್ ಮಾಡಿ, ಹದಿನೈದು ನಿಮಿಷ ಬಿಟ್ಟು ಕಡ್ಡಿ ನೋಡಿ. ಮಟ್ಟ ಮ್ಯಾಕ್ಸಿಮಮ್ ಗೆರೆಯಲ್ಲೋ ಅದರ ಒಂದೆರಡು ಮಿ.ಮೀ. ಕೆಳಗೋ ಬಂದರೆ ಕಡ್ಡಿ ಒಳ್ಳೆಯದು, ಆರೋಪದಿಂದ ಬಿಡುಗಡೆ. ದೂರ ಬಂದರೆ ಕಡ್ಡಿ ಬೇರೆ ಕಾರಿನದು. ನಿಮ್ಮ ಕಾರಿನ ಚಾಸಿ ನಂಬರ್ ಕೊಟ್ಟು ಕಂಪನಿಯ ಬಿಡಿಭಾಗದ ಅಂಗಡಿಯಲ್ಲಿ ಹೊಸದು ತರಿಸಿ. ಅಂಥ ದುಬಾರಿಯ ಸಾಮಾನಲ್ಲ. ಬರುವ ತನಕ ಈಗಿನ ಕಡ್ಡಿಯ ಮೇಲೆ ಎಣ್ಣೆ ನಿಂತ ಜಾಗಕ್ಕೆ ಅರದಿಂದ ಸಣ್ಣ ಗೀಟು ಹಾಕಿಸಿಕೊಳ್ಳಿ, ಅದೇ ನಿಮ್ಮ ಮ್ಯಾಕ್ಸಿಮಮ್.

ಇಷ್ಟರಲ್ಲಿ ನಿಮ್ಮ ಗೊಂದಲದ ಮುಕ್ಕಾಲು ಪಾಲು ಕರಗಬೇಕು. ಉಳಿದ ಕಾಲು ಪಾಲಿನಲ್ಲಿ ಎಣ್ಣೆ ನಿಜವಾಗಿಯೂ ಏರಿ ಇಳಿಯುತ್ತಿರಬಹುದು, ನಿಮ್ಮ ಓಡಾಟದ ರೀತಿ ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ.

ನಾಲ್ಕು ಕಿಲೋಮೀಟರಿಗೆ ಇಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ. ಡ್ಯಾಶ್‌ಬೋರ್ಡಿನ ಮುಳ್ಳು ಮಧ್ಯಕ್ಕೆ ಬಂದರೂ ಅದು ಹೇಳುವುದು ಕೂಲೆಂಟಿನ ಬಿಸಿ. ಎಣ್ಣೆ ಬಿಸಿಯಾಗುವುದು ಅದಕ್ಕಿಂತ ತಡವಾಗಿ. ತಣ್ಣನೆಯ ಇಂಜಿನ್ನಿಗೆ ಪೆಟ್ರೋಲ್ ಹೆಚ್ಚು ಚಿಮ್ಮುತ್ತದೆ. ಅದರಲ್ಲಿ ಉರಿಯದೆ ಉಳಿದ ಒಂದು ಪಾಲು ಸಿಲಿಂಡರಿನ ಗೋಡೆ ಹಿಡಿದು ರಿಂಗುಗಳನ್ನು ದಾಟಿ ಚೇಂಬರಿಗೆ ಇಳಿಯುತ್ತದೆ. ಉರಿದದ್ದರಿಂದ ಹುಟ್ಟಿದ ನೀರಾವಿಯೂ ತಣ್ಣನೆಯ ಲೋಹಕ್ಕೆ ತಾಗಿ ಹನಿಯಾಗಿ ಅಲ್ಲಿಗೇ ಸೇರುತ್ತದೆ. ಹೀಗೆ ದಿನಾ ಬ್ಯಾಂಕಿಗೆ ಹೋಗಿ ಬರುವ ಎರಡು ತಿಂಗಳಲ್ಲಿ ಇಂಜಿನ್ ಒಂದಿಷ್ಟು ಎಣ್ಣೆ ಸುಟ್ಟಿರುತ್ತದೆ, ಅಷ್ಟೇ ಪೆಟ್ರೋಲು ನೀರು ಬಂದು ಸೇರಿ ಮಟ್ಟವನ್ನು ಸರಿದೂಗಿಸಿರುತ್ತವೆ. ಕಡ್ಡಿ ನೋಡಿದರೆ ಅಲ್ಲಾಡದ ಮಟ್ಟ, ನಿಮಗೆ ನೆಮ್ಮದಿ. ಆಮೇಲೆ ಒಂದು ಶನಿವಾರ ಹೊರಡುತ್ತೀರಿ. ಹಾಸನ, ಚನ್ನರಾಯಪಟ್ಟಣ, ಕುಣಿಗಲ್, ನೆಲಮಂಗಲ, ಸುಮಾರು 220 ಕಿ.ಮೀ. ಒಂದೇ ಸಮನೆ ಓಟ. ಎಣ್ಣೆ 90, 100 ಡಿಗ್ರಿಗೆ ಏರಿ ಗಂಟೆಗಟ್ಟಲೆ ಅಲ್ಲೇ ನಿಲ್ಲುತ್ತದೆ. ಸೇರಿದ್ದ ಪೆಟ್ರೋಲು, ನೀರು ಆವಿಯಾಗಿ ಬ್ರೀದರ್ ಪೈಪಿನ ಮೂಲಕ ಇಂಜಿನ್ನಿಗೇ ವಾಪಸ್ ಹೋಗಿ ಉರಿದುಹೋಗುತ್ತವೆ. ವಾಪಸ್ ಬರುವ ಹೊತ್ತಿಗೆ ಮಟ್ಟ ಕುಸಿದಿರುತ್ತದೆ. ಒಂದೇ ಪ್ರಯಾಣದಲ್ಲಿ ಇಂಜಿನ್ ಅರ್ಧ ಲೀಟರ್ ಕುಡಿಯಿತು ಎಂದು ಕಾಣುತ್ತದೆ. ಕುಡಿದದ್ದು ಎರಡು ತಿಂಗಳಲ್ಲಿ, ಲೆಕ್ಕ ತೋರಿಸಿದ್ದು ಒಂದು ದಿನದಲ್ಲಿ. ಬಂಕಿನ ಹುಡುಗ ಕಡ್ಡಿ ಎಳೆದದ್ದು ಸರಿಯಾಗಿ ಅಂಥ ಹೊತ್ತಿನಲ್ಲಿ, ಅದೂ ಕಾಯದೆ.

ಇದು ಪೆಟ್ರೋಲ್ ಇಂಜಿನ್ನಿನ ಸಹಜ ನಡವಳಿಕೆ, ರೋಗವಲ್ಲ. ಆದರೂ ಪೆಟ್ರೋಲ್ ಬೆರೆತ ಎಣ್ಣೆ ತೆಳುವಾಗುತ್ತದೆ, ಬೇಗ ಸವೆಯುತ್ತದೆ. ಹಾಗಾಗಿ ನಿಮ್ಮಂತೆ ಸಣ್ಣ ಓಡಾಟವೇ ಹೆಚ್ಚಿರುವವರು ಕಿಲೋಮೀಟರ್ ಕಾಯದೆ ತಿಂಗಳ ಲೆಕ್ಕದಲ್ಲಿ ಎಣ್ಣೆ ಬದಲಾಯಿಸಬೇಕು. ತಿಂಗಳಿಗೆರಡು ಸಲವಾದರೂ ಹಾಸನದ ತನಕ ಒಂದು ಓಟ ಹೋಗಿ ಬಂದರೆ ಇಂಜಿನ್ನಿಗೂ ಒಳ್ಳೆಯದು, ನಿಮಗೂ ಬೇಸರ ಕಳೆಯುತ್ತದೆ. ಮಳೆಗಾಲದಲ್ಲಿ ಎಣ್ಣೆ ಹಾಕುವ ಮುಚ್ಚಳ ತೆಗೆದರೆ ಒಳಗಡೆ ನಸುಹಳದಿ ಜಿಡ್ಡು ಕಟ್ಟಿರುವುದು ಕಂಡೀತು. ಮುಚ್ಚಳದಲ್ಲಿ ಮಾತ್ರ ಇದ್ದು, ಕಡ್ಡಿಯ ಎಣ್ಣೆ ಶುದ್ಧವಾಗಿದ್ದು, ಕೂಲೆಂಟ್ ಡಬ್ಬಿಯ ಮಟ್ಟ ಇಳಿಯದಿದ್ದರೆ ಅದು ಬರೀ ತೇವ. ಒರೆಸಿ ಮುಚ್ಚಿ.

ಇಂಜಿನ್ ನಿಜವಾಗಿ ಎಣ್ಣೆ ತಿನ್ನುತ್ತಿದೆಯೇ? ಅದನ್ನು ಹೇಳುವುದಕ್ಕೆ ಒಂದೇ ದಾರಿ. ಬದಲಾಯಿಸಿದ ದಿನದ ಮಟ್ಟಕ್ಕೆ ಗುರುತು, ಮೀಟರಿನ ಕಿಲೋಮೀಟರ್ ಒಂದು ಹಳೆಯ ಡೈರಿಯಲ್ಲಿ. ವಾರಕ್ಕೊಂದು ಸಲ ಅದೇ ಜಾಗ, ಅದೇ ಹೊತ್ತು, ಗುರುತಿನಿಂದ ಎಷ್ಟು ಮಿ.ಮೀ. ಕೆಳಗೆ ಎಂದು ಬರೆಯಿರಿ. ನಡುವೆ ಒಂದು ಬೆಂಗಳೂರು ಪ್ರಯಾಣವೂ ಸೇರಿ 1000 ಕಿ.ಮೀ. ದಾಟಿದ ಮೇಲೆ, ಗುರುತಿಗೆ ಮತ್ತೆ ತರಲು ಎಷ್ಟು ಎಣ್ಣೆ ಬೇಕಾಯಿತು ಎಂದು ಅಳೆದು ಹಾಕಿ. ಒಂದು ದಿನದ ಅಂಕಿಗೆ ಬೆಲೆ ಇಲ್ಲ, ಏರುಮುಖವೋ ಇಳಿಮುಖವೋ ಎಂಬುದಕ್ಕೆ ಬೆಲೆ. ಕೆಲವು ಯುರೋಪಿನ ಕಂಪನಿಗಳ ಪುಸ್ತಕದಲ್ಲಿ 1000 ಕಿ.ಮೀ.ಗೆ ಅರ್ಧ ಲೀಟರ್ ತನಕ ಸಹಜ ಎಂದೇ ಬರೆದಿರುತ್ತದೆ. ನನಗೆ ಅದು ತೀರಾ ಉದಾರ ಎನಿಸುತ್ತದೆ. ಎಂಟು ವರ್ಷದ ಸಣ್ಣ ಪೆಟ್ರೋಲ್ ಕಾರು 5000 ಕಿ.ಮೀ.ಗೆ ಒಂದು ಲೀಟರ್ ಕೇಳಿದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ, ಡಿಕ್ಕಿಯಲ್ಲಿ ಒಂದು ಡಬ್ಬ ಇಟ್ಟುಕೊಳ್ಳಿ ಎನ್ನುತ್ತೇನೆ. 1500 ಕಿ.ಮೀ.ಗೇ ಲೀಟರ್ ಕೇಳಿದರೆ ಕಾರಣ ಹುಡುಕಬೇಕು. ಆಗಲೂ ಮೊದಲು ನೋಡುವುದು ಬ್ರೀದರ್ ವಾಲ್ವ್ ಕಟ್ಟಿಕೊಂಡಿದೆಯೇ ಎಂದು. ಅದು ಕಟ್ಟಿಕೊಂಡರೆ ಚೇಂಬರಿನಲ್ಲಿ ಒತ್ತಡ ಏರಿ ಕಡ್ಡಿಯೇ ತಾನಾಗಿ ಮೇಲೆದ್ದು ನಿಲ್ಲುತ್ತದೆ, ಕೊಳವೆಯ ಸುತ್ತ ಎಣ್ಣೆ ಸಿಡಿದಿರುತ್ತದೆ. ಆಮೇಲೆ ವಾಲ್ವ್ ಸೀಲ್, ಆಮೇಲೆ ಕಂಪ್ರೆಷನ್ ಟೆಸ್ಟ್. ಇದೆಲ್ಲ ಮುಗಿದ ಮೇಲೆ ರಿಂಗಿನ ಮಾತು. ನಿಮ್ಮ ಮೆಕ್ಯಾನಿಕ್ ಹತ್ತಿರ ಜಗಳ ಬೇಡ, ನಾಳೆ ಮಳೆಯಲ್ಲಿ ಕಾರು ನಿಂತರೆ ಬರುವವನು ಅವನೇ. “ಕಂಪ್ರೆಷನ್ ನೋಡಿ ನಾಲ್ಕೂ ಸಿಲಿಂಡರಿನ ರೀಡಿಂಗ್ ಬರೆದುಕೊಡು, ಆಮೇಲೆ ಮಾತಾಡೋಣ” ಎಂದು ಕೇಳಿ. ಮೂರು ಸಿಲಿಂಡರಿನ ಕಾರಾದರೆ ಮೂರು.

ಎಣ್ಣೆ ಹೆಚ್ಚಾದರೆ ಏನಾಗುತ್ತದೆ ಎಂದು ನೀವು ಕೇಳಿಲ್ಲ, ಆದರೆ ಮ್ಯಾಕ್ಸಿಮಮ್ ದಾಟಿ ಒಂದು ಬೆರಳು ಎಂದು ಬರೆದಿರುವುದರಿಂದ ಹೇಳುತ್ತೇನೆ. ಕಡಿಮೆಯಾದರೆ ಕಷ್ಟ, ಹೆಚ್ಚಿದ್ದರೆ ಏನೂ ಇಲ್ಲ ಎಂದು ನಮ್ಮಲ್ಲಿ ನಂಬಿಕೆ. ಚೇಂಬರಿನ ಎಣ್ಣೆಯ ಮೇಲೆಯೇ ಕ್ರ್ಯಾಂಕ್ ಶಾಫ್ಟ್ ನಿಮಿಷಕ್ಕೆ ಎರಡು ಮೂರು ಸಾವಿರ ಸುತ್ತು ತಿರುಗುತ್ತಿರುತ್ತದೆ. ಮಟ್ಟ ಅದಕ್ಕೆ ತಾಗುವಷ್ಟು ಏರಿದರೆ ಎಣ್ಣೆಯನ್ನು ಕಡೆದು ನೊರೆ ಎಬ್ಬಿಸುತ್ತದೆ, ಪಂಪು ನೊರೆಯನ್ನು ಎಳೆದುಕೊಂಡರೆ ಬೇರಿಂಗಿಗೆ ಎಣ್ಣೆಯ ಬದಲು ಗಾಳಿ ಹೋಗುತ್ತದೆ. ಗೆರೆಯ ಮೇಲೆ ಎರಡು ಮೂರು ಮಿ.ಮೀ. ಇದ್ದರೆ ಹೆದರಬೇಡಿ. ಮಟ್ಟಸ ಜಾಗದಲ್ಲೂ ಒಂದು ಸೆಂ.ಮೀ. ಮೇಲಿದ್ದರೆ, ಗ್ಯಾರೇಜಿನ ತನಕ ನಿಧಾನವಾಗಿ ಹೋಗಿ ಇಳಿಸಿಸಿ, ಬೆಂಗಳೂರಿಗೆ ಅದೇ ಸ್ಥಿತಿಯಲ್ಲಿ ಹೊರಡಬೇಡಿ.

ನಿಮ್ಮ ಪತ್ರವನ್ನು ಡೀಸೆಲ್ ಕಾರಿನವರೂ ಓದುತ್ತಾರೆ, ಅವರ ಕತೆ ಬೇರೆ. 2020ರ ಏಪ್ರಿಲ್ 1ರಿಂದ ಬಿಎಸ್ 6 ನಿಯಮ ಬಂದ ಮೇಲೆ ಡೀಸೆಲ್ ಕಾರುಗಳಿಗೆ ಮಸಿ ಹಿಡಿಯುವ ಫಿಲ್ಟರ್ ಬಂತು. ಅದರಲ್ಲಿ ಕಟ್ಟಿದ ಮಸಿ ಸುಡಲು ಇಂಜಿನ್ ಆಗಾಗ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ ಬಿಸಿ ಏರಿಸುತ್ತದೆ. ಆ ಕೆಲಸ ನಡುವೆಯೇ ನಿಂತರೆ, ಅಂದರೆ ಐದು ನಿಮಿಷದ ಓಡಾಟದಲ್ಲಿ ಮತ್ತೆ ಮತ್ತೆ ಆಫ್ ಆದರೆ, ಚಿಮ್ಮಿದ ಡೀಸೆಲ್ ಚೇಂಬರಿಗೆ ಇಳಿದು ಮಟ್ಟ ಏರುತ್ತಾ ಹೋಗುತ್ತದೆ. ಪೆಟ್ರೋಲಿನಷ್ಟು ಸುಲಭವಾಗಿ ಡೀಸೆಲ್ ಆವಿಯಾಗಿ ಹೋಗುವುದೂ ಇಲ್ಲ. ಡೀಸೆಲ್ ಕಾರಿನಲ್ಲಿ ಎಣ್ಣೆ ಹಾಕದೆಯೇ ಮಟ್ಟ ಮ್ಯಾಕ್ಸಿಮಮ್ ದಾಟಿದರೆ ಅದನ್ನು ಕಡ್ಡಿಯ ತಪ್ಪು ಎಂದು ತಳ್ಳಿಹಾಕಬೇಡಿ, ಎಣ್ಣೆ ಬದಲಾಯಿಸಿ. ತೀರಾ ಏರಿದರೆ ಆ ಎಣ್ಣೆ ಬ್ರೀದರ್ ಮೂಲಕ ಗಾಳಿಯ ದಾರಿಗೆ ಹೋಗಿ, ಕೀ ಆಫ್ ಮಾಡಿದರೂ ಇಂಜಿನ್ ತನ್ನ ಎಣ್ಣೆಯನ್ನೇ ಉರಿಸಿಕೊಂಡು ಓಡುವ ಅಪಾಯ ಇದೆ. ಗೇರ್ ಇರುವ ಕಾರಾದರೆ ಬ್ರೇಕ್ ಒತ್ತಿಹಿಡಿದು, ಮೇಲಿನ ಗೇರಿಗೆ ಹಾಕಿ ಕ್ಲಚ್ ಬಿಟ್ಟು ನಿಲ್ಲಿಸುವುದೇ ಆಗ ಉಳಿಯುವ ದಾರಿ. ಇನ್ನು ಕಡ್ಡಿಯೇ ಇಲ್ಲದೆ ಪರದೆಯ ಮೇಲೆ ಮಟ್ಟ ತೋರಿಸುವ ದುಬಾರಿ ಕಾರುಗಳವರು ಇಂಜಿನ್ ಪೂರ್ತಿ ಬಿಸಿಯಾಗಿ, ಕಾರು ಮಟ್ಟಸವಾಗಿ ನಿಂತು, ಪುಸ್ತಕ ಹೇಳಿದ ರೀತಿಯಲ್ಲಿ ಅಳೆಯಲು ಬಿಡದೆ ಪರದೆಯನ್ನು ಬೈಯಬಾರದು. ಇಳಿಜಾರು ಅವರಿಗೂ ಇಳಿಜಾರೇ.

ನಿಮಗೆ ಅಪಾಯ ಎನಿಸಬೇಕಾದ ಸಂಗತಿಗಳು ಬೇರೆ ಇವೆ. ಕಡ್ಡಿಯ ಎಣ್ಣೆ ಕದಡಿದ ಬಿಳಿಚು ಬಣ್ಣಕ್ಕೆ ತಿರುಗಿ ಕೂಲೆಂಟೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಅನುಮಾನ. ಓಡಿಸದೆ ಮೆಕ್ಯಾನಿಕ್ಕನ್ನು ಮನೆಗೇ ಕರೆಸಿ. ಒಂದೇ ಜಾಗ, ಒಂದೇ ಹೊತ್ತಿನ ಅಳತೆಯಲ್ಲೂ ಮಟ್ಟ ವಾರ ವಾರ ಏರುತ್ತಾ, ಕಡ್ಡಿ ಮೂಗಿಗೆ ಹಿಡಿದರೆ ಪೆಟ್ರೋಲ್ ವಾಸನೆ ಗಪ್ಪೆಂದು ಹೊಡೆದರೆ ಇಂಜೆಕ್ಟರ್ ಸೋರುತ್ತಿರಬಹುದು. ಎಣ್ಣೆ ಡಬ್ಬದ ಚಿತ್ರದ ಕೆಂಪು ದೀಪ ಓಡುವಾಗ ಹತ್ತಿದರೆ ಪಕ್ಕಕ್ಕೆ ತಂದು ತಕ್ಷಣ ಇಂಜಿನ್ ಆಫ್ ಮಾಡಿ, ಮುಂದಿನ ಊರಿನ ತನಕ ಎಂದು ಎಳೆಯಬೇಡಿ. ಆ ದೀಪ ಹೇಳುವುದು ಮಟ್ಟವನ್ನಲ್ಲ, ಒತ್ತಡವನ್ನು. ಹಾಗಾಗಿ ಅದು ಹತ್ತಿಲ್ಲ ಎಂದು ಮಟ್ಟ ಸರಿ ಇದೆ ಎಂದುಕೊಳ್ಳುವಂತಿಲ್ಲ. ಅದು ಹತ್ತುವ ಹೊತ್ತಿಗೆ ತಡವಾಗಿರುತ್ತದೆ.

ಮಗನಿಗೆ ಹೇಳಿ, ಮಾರುವ ಮಾತು ಸದ್ಯಕ್ಕೆ ಬೇಡ ಎಂದು. ಅಪ್ಪಿತಪ್ಪಿ ಮಾರುವುದಾದರೂ “ಇಂಜಿನ್ ಆಯಿಲ್ ತಿನ್ನುತ್ತೆ” ಎಂಬ ಹೆಸರು ಹೊತ್ತ ಕಾರಿಗೆ ಸಿಗುವ ಬೆಲೆ ನಿಮಗೆ ಗೊತ್ತು. ಈ ವಾರ ಎಣ್ಣೆ ಬದಲಾಯಿಸಿ, ಇಳಿದದ್ದು ಎಷ್ಟು ಲೀಟರ್, ಹಾಕಿದ್ದು ಎಷ್ಟು, ಹಾಕಿದ ಮೇಲೆ ಕಡ್ಡಿ ಎಲ್ಲಿಗೆ ನಿಂತಿತು, ಈ ಮೂರನ್ನು ಬರೆದು ಕಳಿಸಿ. ಜೊತೆಗೆ ಬಂಕಿನಲ್ಲಿ ಉಳಿದ ಎಣ್ಣೆಯ ಡಬ್ಬ ಡಿಕ್ಕಿಯಲ್ಲಿದ್ದರೆ ಅದರ ಮೇಲಿನ ಗ್ರೇಡ್ ಏನೆಂದು ನೋಡಿ. 20ಡಬ್ಲ್ಯೂ-40 ಎಂದಿದ್ದು, ನಿಮ್ಮ ಪುಸ್ತಕ 5ಡಬ್ಲ್ಯೂ-30 ಎಂದಿದ್ದರೆ, ಅದನ್ನು ಮತ್ತೆ ಕಾರಿಗೆ ಹಾಕಬೇಡಿ. ಗೇಟಿನ ಕೀಲಿಗೆ ಬಳಸಿ.